ಎರಡು ಗ್ರಹಕ್ಕೆ ಒಂದೇ ಕೋಟು

ಶುಕ್ರವಾರ, ಊಟದ ಬಿಡುವು
ಸ್ಟುಡಿಯೋದ ಹೊಲಿಗೆ ಕೋಣೆ

ಬೂದಿಗ್ರಹದ ಮಹಾ ದಳಪತಿಗಳಿಗೆ,

ನಮಸ್ಕಾರ ಬರೆಯುತ್ತಿಲ್ಲ. ಕ್ಷೇಮವೇ ಅಂತಲೂ ಕೇಳುವುದಿಲ್ಲ. ಮಂಗಳವಾರ ನನ್ನ ಮೇಲೆ ಚಾಡಿ ಹೇಳುವಾಗ ನಿಮ್ಮ ಗಂಟಲು ಮೇಕಪ್ ಕೋಣೆಯವರೆಗೂ ಕೇಳಿಸಿತು ಅಂತ ಅಲ್ಲೇ ಕೆಲಸ ಮಾಡುವ ಮೊಮ್ಮಗಳು ಹೇಳಿದಳು. ಅಷ್ಟು ಗಂಟಲಿರುವವರಿಗೆ ಕ್ಷೇಮದ ಕೊರತೆ ಏನಿದೆ? ಈ ಪತ್ರ ತಂದುಕೊಡುವವಳೂ ಅವಳೇ. ಅಕ್ಷರ ದಪ್ಪಗಿದೆ ಅಂತ ಮೂಗು ಮುರಿಯಬೇಡಿ. ಊರಿನ ಶಾಲೆಯಲ್ಲಿ ನನಗೆ ಸ್ಲೇಟಿನ ತುಂಬ ದಪ್ಪಗೆ ಬರೆಯಲು ಕಲಿಸಿದರು, ಸಣ್ಣಗೆ ಬರೆಯುವುದನ್ನು ಕಲಿಯುವಷ್ಟರಲ್ಲಿ ಬಿಡಿಸಿದರು.

ನೀವು ಮನೆ ಬಿಟ್ಟು ಸ್ಟುಡಿಯೋ ಎದುರಿನ ಬಾಡಿಗೆ ಕೋಣೆ ಸೇರಿದಾಗ ಏನಂದಿರಿ, ನೆನಪಿದೆಯೇ? ‘ನನ್ನ ಕಲೆ ನಿನಗೆ ಅರ್ಥವಾಗೋದಿಲ್ಲ ಕಣೇ’ ಅಂದಿರಿ. ಆಮೇಲೆ ನನಗೂ ಇದೇ ಸ್ಟುಡಿಯೋದಲ್ಲಿ ಸೂಜಿ ಹಿಡಿಯುವ ಕೆಲಸ ಸಿಕ್ಕಿ, ನಿಮ್ಮ ಕಲೆಯನ್ನು ಹತ್ತಿರದಿಂದ ನೋಡುವ ಪುಣ್ಯ ಬಂತು. ಗ್ರಹಯುದ್ಧದ ಸಿನಿಮಾದ ಮೊದಲ ಭಾಗದಲ್ಲಿ ನೀವು ಹೆಣ. ಎರಡನೆಯದರಲ್ಲಿ ಹೆಣ. ಮೂರನೆಯದರಲ್ಲಿ ಹೆಣ ಹೊರುವವರು, ನಾಲ್ಕರಲ್ಲಿ ಮತ್ತೆ ಹೆಣ. ಈ ಐದನೆಯದರಲ್ಲಿ ಮೊದಲ ಬಾರಿಗೆ ಬಾಯಿ ಬಿಡುವ ಪಾತ್ರ ಕೊಟ್ಟಿದ್ದಾರೆ, ಬೂದಿಗ್ರಹದ ದಳಪತಿ. ಒಂದೇ ಒಂದು ಮಾತು. ಅದಕ್ಕೆ ಮೂರು ತಿಂಗಳಿಂದ ಕನ್ನಡಿ ಮುಂದೆ ನಿಂತು ಕಿರುಚುತ್ತಿದ್ದೀರಂತೆ. ಪಕ್ಕದ ಕೋಣೆಯವರು ಗೋಡೆ ಗುದ್ದುತ್ತಾರಂತೆ.

ಆ ಯುದ್ಧವಾದರೂ ಎಂಥದ್ದು! ನೀಲಿಗ್ರಹದವರೂ ಬೂದಿಗ್ರಹದವರೂ ಒಬ್ಬ ಸೂರ್ಯನಿಗಾಗಿ ಐದು ಸಿನಿಮಾದಿಂದ ಕಿತ್ತಾಡುತ್ತಿದ್ದಾರೆ. ಅಷ್ಟು ದೊಡ್ಡ ಸೂರ್ಯ, ಹಂಚಿಕೊಳ್ಳೋಕೆ ಏನು ರೋಗ ಅಂತ ಒಮ್ಮೆ ನಿರ್ದೇಶಕರನ್ನೇ ಕೇಳಿದ್ದೆ. ‘ಹಂಚಿಕೊಂಡುಬಿಟ್ಟರೆ ಆರನೇ ಭಾಗ ಹೇಗಮ್ಮ ಮಾಡೋದು?’ ಅಂದರು. ಆ ಮನುಷ್ಯನಿಗಾದರೂ ತಾನು ಏನು ಮಾಡುತ್ತಿದ್ದೇನೆ ಅಂತ ಗೊತ್ತಿದೆ.

ಎರಡು ಸೈನ್ಯಕ್ಕೂ ಒಂದೇ ಕೋಟು ಹೊಲಿದದ್ದು ನಾನು. ಒಂದು ಮಗ್ಗುಲು ನೀಲಿ, ತಿರುವಿ ಹಾಕಿದರೆ ಬೂದಿ. ಬೆಳಿಗ್ಗೆ ನೀಲಿಯವರಾಗಿ ಸತ್ತವರು ಊಟ ಮಾಡಿ, ಕೋಟು ತಿರುವಿಕೊಂಡು, ಮಧ್ಯಾಹ್ನ ಬೂದಿಯವರಾಗಿ ಕೊಲ್ಲುತ್ತಾರೆ. ಇಲ್ಲಿ ಎಲ್ಲರಿಗೂ ಇದು ಅಭ್ಯಾಸ. ನಿಮಗೂ ಅಭ್ಯಾಸವೇ, ನಾಲ್ಕು ಭಾಗದಲ್ಲಿ ಹಾಗೇ ಸತ್ತಿದ್ದೀರಿ.

ಮಂಗಳವಾರ ಮಾತ್ರ ಏನು ಮಾಡಿದಿರಿ? ಹೊಗೆ ಬಿಟ್ಟಾಗಿತ್ತು, ಸಿಡಿಮದ್ದು ಹೂತಿಟ್ಟಾಗಿತ್ತು, ಮೈದಾನದ ತುಂಬ ಬೂದಿ ಸೈನ್ಯ ನಿಂತಿತ್ತು. ಅವರ ಮುಂದೆ ದಳಪತಿಗಳಾದ ನೀವು ನೀಲಿ ಕೋಟಿನಲ್ಲಿ ಬಂದು, ಎದೆ ಸೆಟೆಸಿ, ‘ಸೂರ್ಯ ನಮ್ಮದು, ಬೂದಿಗ್ರಹ ಸಾಯೋದಿಲ್ಲ!’ ಅಂತ ಕೂಗಿದಿರಿ. ನೀಲಿ ಕಂಡರೆ ಗುಂಡು ಹಾರಿಸಿ ಅಂತ ಹೇಳಿಸಿಕೊಂಡಿದ್ದ ಹುಡುಗರು, ಪಾಪ, ತಮ್ಮ ದಳಪತಿಯನ್ನೇ ಸುಟ್ಟು ಕೆಡವಿದರು. ನೀವೋ, ಬಿದ್ದು ಸಾಯುವುದರಲ್ಲಿ ಪಳಗಿದವರು, ಸೊಗಸಾಗಿ ಸತ್ತಿರಿ. ಲೈಟ್ ಹಿಡಿಯುವವನೊಬ್ಬ ನಕ್ಕು ಏಣಿಯಿಂದ ಜಾರಿದನಂತೆ. ಇಡೀ ಯುದ್ಧ ಹಾಳಾಯಿತು. ಸೋಮವಾರ ಮತ್ತೆ ತೆಗೆಯಬೇಕು.

ನಗುವವರು ನಗಲಿ, ಅದು ನನಗೆ ಬೇಡದ ವಿಷಯ. ಆದರೆ ಸದಾ ಸಿಳ್ಳೆ ಊದುತ್ತಾ ತಿರುಗುವ ಮೇನೇಜರ್ ಸಿಳ್ಳೆಪ್ಪ ಓಡಿ ಬಂದು ಕೇಳಿದಾಗ ನಿಮ್ಮ ಬಾಯಲ್ಲಿ ಬಂದದ್ದೇನು? ‘ಆ ದರ್ಜಿ ಮುದುಕಿ ಕೋಟಿನ ಕೊಕ್ಕೆಗಳನ್ನು ಉಲ್ಟಾ ಹೊಲಿದಿದ್ದಾಳೆ, ಬೂದಿ ಹೊರಗೆ ಮಾಡಿದರೆ ಕೊಕ್ಕೆ ಕೂರೋದೇ ಇಲ್ಲ, ನಾನೇನು ಮಾಡಲಿ’ ಅಂದಿರಿ. ಎಲ್ಲರ ಎದುರಿಗೆ. ನನ್ನ ಮೊಮ್ಮಗಳ ಕಿವಿಗೂ ಬೀಳುವ ಹಾಗೆ. ಮನೆ ಬಿಟ್ಟಾಗಲೂ ನನಗೆ ಇಷ್ಟು ಉರಿದಿರಲಿಲ್ಲ. ನನ್ನ ಅಡುಗೆಗೆ ಹೆಸರಿಡಿ, ನನ್ನ ನಾಲಿಗೆಗೆ ಹೆಸರಿಡಿ, ಊರೆಲ್ಲ ಇಟ್ಟಿದ್ದಾರೆ. ನನ್ನ ಹೊಲಿಗೆಗೆ ಇಲ್ಲಿಯವರೆಗೆ ಯಾರೂ ಬೆರಳು ತೋರಿಸಿರಲಿಲ್ಲ.

ಸಿಳ್ಳೆಪ್ಪ ನನ್ನ ಹತ್ತಿರವೂ ಬಂದ. ‘ನೋಡಜ್ಜಿ, ತಪ್ಪು ನಿನ್ನದೋ ಆ ಯಜಮಾನರದೋ ನನಗೆ ಬೇಕಿಲ್ಲ. ಇಬ್ಬರಲ್ಲಿ ಒಬ್ಬರು ಸೋಮವಾರ ಗೇಟಿನೊಳಗೆ ಬರೋ ಹಾಗಿಲ್ಲ’ ಅಂದ. ನಾನು ಸುಮ್ಮನಿರಲಿಲ್ಲ, ಅವನ ಸಿಳ್ಳೆಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ಹೇಳಿ ಕಳಿಸಿದೆ. ಆದರೂ ಅವನ ಮಾತು ಮಾತೇ.

ಆಮೇಲೆ ನಿಮ್ಮ ಕೋಟು ತರಿಸಿ ಬೆಳಕಿಗೆ ಹಿಡಿದು ನೋಡಿದೆ. ಕೊಕ್ಕೆ ಸರಿಯಾಗಿತ್ತು. ಹೊಲಿಗೆ ಸರಿಯಾಗಿತ್ತು. ಹಾಗಾದರೆ ಉಲ್ಟಾ ಆಗಿದ್ದು ಯಾವುದು?

ಬುಧವಾರ ನಿಮ್ಮನ್ನು ಅಳತೆಗೆ ಅಂತ ಕರೆಸಿದ್ದು ಅಳತೆಗಲ್ಲ. ನಾನು ನಿಮ್ಮ ಜೊತೆ ಮಾತಾಡುವುದಿಲ್ಲವಲ್ಲ, ಎಂದಿನಂತೆ ಮೊಮ್ಮಗಳ ಮೂಲಕವೇ ಹೇಳಿಸಿದೆ, ‘ಅವರಿಗೆ ಕೈ ಎತ್ತೋಕೆ ಹೇಳು’ ಅಂತ. ಒಳಗೆ ಬಂದವರೇ ನೀವು ಮೂಲೆಯಲ್ಲಿ ಸೀರೆ ಉಡಿಸಿ ನಿಲ್ಲಿಸಿದ್ದ ಬೊಂಬೆಗೆ ‘ನಮಸ್ಕಾರ ಮೇಡಂ’ ಅಂದಿರಿ. ಹೊಲಿಗೆಯ ಹುಡುಗಿಯರು ಕಿಸಕ್ಕನೆ ನಕ್ಕು, ತಾತ ಕುಡಿದಿದ್ದಾರೆ ಅಂದರು. ನೀವು ಕುಡಿಯುವವರಲ್ಲ ಅಂತ ಹೇಳೋಕೆ ಬಾಯಿ ತೆರೆದೆ, ನಿಮ್ಮ ಪರ ಮಾತಾಡಿದಂತೆ ಆಗುತ್ತದಲ್ಲ ಅಂತ ಮುಚ್ಚಿಕೊಂಡೆ. ಮೇಜಿನ ಮೇಲೆ ನೀಲಿ ದಾರದ ಉಂಡೆ, ಬೂದಿ ದಾರದ ಉಂಡೆ ಎರಡನ್ನೂ ಇಟ್ಟು, ನೀಲಿ ಕೊಡೋಕೆ ಹೇಳು ಅಂದೆ. ‘ನಾನೇನು ಎಳೆ ಮಗುವೇ, ಪರೀಕ್ಷೆ ಮಾಡೋಕೆ’ ಅಂತ ಕೂಗಾಡಿ ಎದ್ದು ಹೋದಿರಿ. ಹೋಗುವಾಗ ಹೊಸ್ತಿಲನ್ನು ಕಾಲಿನಿಂದ ತಡವಿ ದಾಟಿದಿರಿ.

ಕಣ್ಣಿಗೆ ಪೊರೆ ಬಂದಿದೆ ಅಂತ ಹೇಳೋಕೆ ನಾಚಿಕೆ. ಹೆಂಡತಿಯ ಹೊಲಿಗೆ ಕೆಟ್ಟದ್ದು ಅಂತ ಹೇಳೋಕೆ ನಾಚಿಕೆ ಇಲ್ಲ. ಥೂ, ಎಂಥ ಗಂಡಸು ನೀವು! ಕಣ್ಣು ಕಾಣದವರನ್ನು ಸಿಡಿಮದ್ದಿನ ಮೈದಾನಕ್ಕೆ ಬಿಡುವುದಿಲ್ಲ, ಆ ಒಂದು ಮಾತೂ ಕೈತಪ್ಪುತ್ತದೆ ಅಂತ ತಾನೇ ನಿಮ್ಮ ಹೆದರಿಕೆ? ಅದಕ್ಕೆ ನನ್ನ ಅನ್ನಕ್ಕೆ ಕಲ್ಲು ಹಾಕಬಹುದೇ?

ನಾಳೆ ಸಂಜೆಯವರೆಗೆ ಸಮಯವಿದೆ. ನೀವೇ ಹೋಗಿ, ಕೋಟು ತಿರುವಿ ಹಾಕಿಕೊಳ್ಳದಿದ್ದದ್ದು ನಾನೇ ಅಂತ ಸಿಳ್ಳೆಪ್ಪನ ಮುಂದೆ ಬಾಯಿ ಬಿಡಿ. ಹೋಗುವುದಿಲ್ಲ ಅಂತ ನನಗೆ ಗೊತ್ತು. ಸಿನಿಮಾದಲ್ಲಿ ಅಷ್ಟು ಸಲ ಸತ್ತರೂ ನಿಮ್ಮ ಜಂಬ ಮಾತ್ರ ಒಮ್ಮೆಯೂ ಸಾಯಲಿಲ್ಲ.

ಇಷ್ಟೇ. ಉತ್ತರ ಬರೆಯುವ ಕಷ್ಟ ತೆಗೆದುಕೊಳ್ಳಬೇಡಿ.

ಇಂತಿ,
ನಿಮ್ಮ ಮೊಮ್ಮಗಳ ಅಜ್ಜಿ
(ನಿಮಗೆ ಬೇರೇನೂ ಅಲ್ಲ)

ಮರೆತಿದ್ದೆ: ಕೊಕ್ಕೆ ಉಲ್ಟಾ ಹೊಲಿದದ್ದು ನಾನೇ ಅಂತ ಇವತ್ತು ಬೆಳಿಗ್ಗೆಯೇ ಸಿಳ್ಳೆಪ್ಪನಿಗೆ ಹೇಳಿಬಿಟ್ಟೆ. ಸೋಮವಾರದಿಂದ ಇಲ್ಲಿ ಬೇರೆ ದರ್ಜಿ ಕೂರುತ್ತಾನೆ. ಆದ್ದರಿಂದ ನಿಮ್ಮ ಕೋಟಿನ ಕತ್ತಿನ ಪಟ್ಟಿಯಲ್ಲಿ, ಬೂದಿ ಮಗ್ಗುಲಿಗೆ, ದಪ್ಪ ದಾರದ ಗಂಟೊಂದನ್ನು ಹಾಕಿದ್ದೇನೆ. ಗಂಟು ಹೊರಗೆ ಬೆರಳಿಗೆ ಸಿಕ್ಕರೆ ನೀವು ಬೂದಿಯವರು. ಕತ್ತಿಗೆ ಚುಚ್ಚಿದರೆ ನೀಲಿ, ತಿರುವಿ ಹಾಕಿಕೊಳ್ಳಿ. ನಾನು ಚುಚ್ಚುವುದು ನಿಮಗೆ ಹೊಸದಲ್ಲ. ನಿಂತಲ್ಲೇ ನಿಂತು ಮಾತು ಹೇಳಿ, ಓಡಬೇಡಿ.

ಮತ್ತೆ, ಪುಟ್ಟೀ, ಇಷ್ಟು ದಪ್ಪ ಅಕ್ಷರವನ್ನೂ ಅವರಿಗೆ ನೀನೇ ಓದಿ ಹೇಳುತ್ತಿದ್ದೀಯಾದರೆ, ಬರುವ ಮಂಗಳವಾರ ಅವರನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಬಾ. ಬಾಗಿಲಲ್ಲೇ ಕೂತಿರುತ್ತೇನೆ. ನನಗೇನು, ಈಗ ಕೆಲಸವಿಲ್ಲ. ಈ ಕೊನೆಯ ಸಾಲುಗಳನ್ನು ಮಾತ್ರ ಅವರಿಗೆ ಓದಬೇಡ.