ಬಾತು ಡಾಕ್ಟರ್

ನವೆಂಬರ್ ೧೪, ಗುರುವಾರ

ಎಷ್ಟು ಸೋಪು ಹಾಕಿ ತೊಳೆದರೂ ಕೈಯಿಂದ ಕಸಾಯಿಖಾನೆಯ ವಾಸನೆ ಹೋಗುತ್ತಿಲ್ಲ. ಇರಲಿ, ಇವತ್ತೊಂದು ದಿನ.

ಕೆರೆಯ ಬಸವನಹುಳುಗಳಿಂದ ಕುರಿಗಳ ಯಕೃತ್ತಿಗೆ ಚಪ್ಪಟೆ ಹುಳು ಸೇರುತ್ತಿತ್ತು. ಕುರಿಗಾಹಿಗಳು ದೂರಿದ್ದು ಮಾತ್ರ ಅಲ್ಲೇ ನೀರು ಕುಡಿಯುವ ಜಿಂಕೆಗಳನ್ನು. ಈ ವರ್ಷವೂ ಹುಳು ಕಂಡರೆ ಜಿಂಕೆಗಳಿಗೆ ಗುಂಡು ಹಾಕಿಸುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಬಸವನಹುಳು ತಿನ್ನಲಿ ಎಂದು ನಾನು ಕೆರೆಗೆ ಬಾತುಕೋಳಿಗಳನ್ನು ಬಿಡಿಸಿದೆ. ಅಂದಿನಿಂದ ಪಶುವೈದ್ಯ ಇಲಾಖೆಗೆಲ್ಲ ನಾನು ಬಾತು ಡಾಕ್ಟರ್.

ಬಾತುಗಳು ಬಂದ ಮೇಲೆ ಆ ಕೆರೆಯಂಗಳದಲ್ಲೇ ಹುಟ್ಟಿ ಮೇಯ್ದ ಕುರಿಗಳನ್ನು ಇವತ್ತು ಪರೀಕ್ಷೆಗೆಂದು ಕೊಯ್ದರು. ಕಟುಕ ಮೊದಲ ಯಕೃತ್ತನ್ನು ಸೀಳಿ, ಹಿಂಡಿ ತೋರಿಸಿದ. "ಏನೂ ಇಲ್ಲ ಸಾರ್." ಮುಂದಿನವೂ ಹಾಗೆಯೇ. ಕೊನೆಯದನ್ನು ಅವನ ಕೈಯಿಂದ ಕಸಿದುಕೊಂಡು ನಾನೇ ಸೀಳಿದೆ. ಒಳಗೆ ನಯವಾಗಿ, ಕೆಂಪಗೆ, ಬರಿದು.

ಮೂಗಿಗೆ ಒತ್ತಿಕೊಂಡಿದ್ದ ಕರವಸ್ತ್ರವನ್ನು ಇಲಾಖೆಯ ನಿರ್ದೇಶಕರು ಕೆಳಗಿಳಿಸಿದರು. "ಆಯ್ತು ಬಾತು ಡಾಕ್ಟ್ರೇ, ನೀವೇ ಗೆದ್ರಿ. ಬಂದೂಕಿನವ್ರಿಗೆ ಬರ್ಬೇಡಿ ಅಂತ ಹೇಳ್ತೀನಿ."

ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: "ಒಬ್ರೇ ನಗ್ತಿದೀರಲ್ಲ, ಏನ್ ಸಿಕ್ತು?"

"ಏನೂ ಸಿಗ್ಲಿಲ್ಲ ಕಣೇ."

"ಏನೂ ಸಿಗದೇ ಇದ್ದಿದ್ದಕ್ಕೆ ಇಷ್ಟು ಖುಷೀನಾ? ಸರಿ ಹೋಯ್ತು."

ಇಷ್ಟು ಕಾಲ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಹುಳು ಹುಡುಕಿದವನು ನಾನು. ಹುಡುಕಿದ್ದು ಸಿಗದ ದಿನ ಇಷ್ಟು ತುಂಬಿಕೊಂಡಿರುತ್ತದೆಂದು ತಿಳಿದಿರಲಿಲ್ಲ. ನಾಳೆ ಬೆಳಗ್ಗೆ ಜಿಂಕೆಗಳು ಎಂದಿನಂತೆ ನೀರಿಗೆ ಇಳಿಯುತ್ತವೆ. ಅವುಗಳ ಕಾಲ ಬಳಿಯೇ ನನ್ನ ಬಾತುಗಳು ತಲೆ ಮುಳುಗಿಸಿ, ಬಾಲವನ್ನು ಇಲಾಖೆಯತ್ತ ಎತ್ತಿಕೊಂಡು ಬಸವನಹುಳು ಹುಡುಕುತ್ತಿರುತ್ತವೆ.