ಅವ್ವನ ಸಾವಿಗೆ ನಾನೇ ಸಾಕ್ಷಿ

ಅವ್ವಾ,

ಇವತ್ತು ನರಗುಂದದ ಕೋರ್ಟಿನಲ್ಲಿ ನೀನು ಸತ್ತಿದ್ದೀಯೆಂದು ಹೇಳಿಬಂದೆ. ಉಸುಕಿನ ಗುತ್ತಿಗೆದಾರ ಹಾಕಿದ್ದ ಒಡ್ಡು ಒಡೆದು ಹೊಳೆ ಊರೊಳಗೆ ನುಗ್ಗಿತಲ್ಲ, ಅದರ ಪರಿಹಾರಕ್ಕೆ ನಾವೆಲ್ಲ ದಾವೆ ಹೂಡಿದ್ದೇವೆ. ಮನೆ, ಎಮ್ಮೆ, ಗೋವಿನಜೋಳದ ಮಾತು ಸರಾಗವಾಗಿ ಮುಗಿಯಿತು. ನಿನ್ನ ಹೆಸರು ಬಂದಾಗ ಕಟಕಟೆಯಲ್ಲಿ ನಿಂತಿದ್ದ ಅಪ್ಪ ತಡವರಿಸಿದ.

“ಹೊಳಿ ಒಯ್ದದ್ರಿ. ಹೆಣಾನ ಸಿಕ್ಕಿಲ್ಲ, ಸತ್ತಾಳಂತ ನಾ ಹ್ಯಾಂಗ ಹೇಳ್ಲಿ?”

ಹೀಗಾದರೆ ದಾವೆ ನಿಲ್ಲುವುದಿಲ್ಲವೆಂದು ವಕೀಲರು ನನ್ನ ಕಿವಿಯಲ್ಲಿ ಹೇಳಿದರು. ಮುಂದಿನ ಸಾಕ್ಷಿ ನನ್ನದೇ.

“ಹೌದ್ರಿ, ನಮ್ಮವ್ವ ಸತ್ತಾಳ. ಆಕಿ ಹೆಣ ಹೊಳ್ಯಾಗ ತೇಲಿ ಹೋಗೂದು ನಾನ ನೋಡೀನ್ರಿ,” ಎಂದೆ.

ಊರಿಗೆ ಹೋಗುವ ಶಿರೋಳದ ಬಸ್ಸಿಗೆ ಕಾಯುವಾಗ ಅಪ್ಪ ಕೇಳಿದ, “ಅನ್ನಪೂರ್ಣಿ, ನಿಮ್ಮವ್ವನ ಹೆಣ ನೀ ಖರೇನ ನೋಡೀಯೇನು?”

ಚಹಾ ತಂದುಕೊಟ್ಟೆ. ಕುಡಿಯಲಿಲ್ಲ. ಬಸ್ಸು ಬಂದರೂ ಹತ್ತದೆ, “ಹೆಣ ಯಾರೂ ನೋಡಿಲ್ಲಂತ ಸಾಹೇಬ್ರಿಗೆ ಹೇಳಿ ಬರ್ತೀನಿ,” ಎಂದು ತಿರುಗಿ ಕೋರ್ಟಿನ ಕಡೆಗೇ ನಡೆದ.

ನಾನು ಅವನನ್ನು ಕೂಗಲಿಲ್ಲ.