ಪಕ್ಕದ ಮಣೆ

ಮಕ್ತಲ್
ಫರವರ್ದಿ, ೧೩೫೨ ಫಸಲಿ

ಗದ್ವಾಲದ ಪೆಂಟಮ್ಮಕ್ಕನಿಗೆ ತಮ್ಮನ ನಮಸ್ಕಾರಗಳು.

ನಾವು ಕ್ಷೇಮ, ಮನಸ್ಸಿಗೆ ಮಾತ್ರ ನೋ ಪೀಸ್. ಬರುವ ವಾರ ತುಳಸಿಯ ಲಗ್ನ. ಮಗಳ ಧಾರೆ ಎರೆಯುವವರು ಯಾರೆಂಬುದೇ ಇನ್ನೂ ತೀರ್ಮಾನವಾಗಿಲ್ಲ.

“ಹೆಂಡ್ತಿ ಇಲ್ದಾಂವ ಧಾರಿ ಎರಿಯಾಕ ಬರಂಗಿಲ್ಲೋ, ಮೊದಲ ನೀ ಲಗ್ನ ಮಾಡ್ಕೋ” ಎಂದು ಹೇಳಿ ಕಳಿಸಿದ್ದೀ. ಮಗಳ ಹಂದರದಲ್ಲಿ ನಾನು ಬಾಸಿಂಗ ಕಟ್ಟಿಕೊಳ್ಳಲೇನು? ಇಲ್ಲವಾದರೆ ತಮ್ಮ ಕಿಷ್ಟಪ್ಪನೂ ಅವನ ಹೆಂಡತಿಯೂ ಎರೆಯಲಿ ಅನ್ನುತ್ತೀ. ಸಾಕಿದ ನಾನು ಕಂಬ ಹಿಡಿದು ಸ್ಪೆಕ್ಟೇಟರ್ ಆಗಿ ನಿಲ್ಲಬೇಕು!

ಲಗ್ನ ಮಾಡಿಸುವ ಪುರೋಹಿತ ಜೋಶಿಯವರಿಗೆ ರಾಮನ ಅಶ್ವಮೇಧ ನೆನಪಿಸಿದೆ. ಪಕ್ಕದಲ್ಲಿ ಹೆಂಡತಿ ಇಲ್ಲದೆ ಯಜ್ಞ ನಡೆಯದು ಎಂದಾಗ ರಾಮ ಇನ್ನೊಂದು ಮದುವೆಯಾಗಲಿಲ್ಲ, ಬಂಗಾರದ ಸೀತೆಯನ್ನು ಕೂರಿಸಿಕೊಂಡ. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತಿದೆ; ಕಾಲೇಜು ಬಿಟ್ಟ ಮೇಲೆ ಮರೆತೆ. ಅದಿರಲಿ.

ಜೋಶಿಯವರು ನಕ್ಕುಬಿಟ್ಟರು. “ಅಂವ ದೇವರು ರೀ, ನೀವು ಸಾಲಿ ಮಾಸ್ತರು. ಬಂಗಾರ ಎಲ್ಲಿಂದ ತರ್ತೀರಿ?”

ಬಂಗಾರವಿಲ್ಲ, ನಿಜ. ಆದರೆ ಅಕ್ಕಾ, ಆ ಬೊಂಬೆ ಕೂರಿಸಿದಾಗ ಸೀತೆ ಇನ್ನೂ ಬದುಕಿದ್ದಳು. ಅವಳನ್ನು ಕಾಡಿಗೆ ಕಳಿಸಿದವನೂ ರಾಮನೇ. ಆದರೂ ಆ ಯಜ್ಞ ನಡೆಯಿತು. ನಾನು ನನ್ನವಳನ್ನು ಎಲ್ಲಿಗೂ ಕಳಿಸಲಿಲ್ಲ, ಪ್ಲೇಗು ಕೊಂಡೊಯ್ದಿತು. ಅವಳಿಗೊಂದು ಮಣೆ ಇಲ್ಲವೇ?

ಪ್ಲೀಸ್, ಇನ್ನು ನನಗೆ ಹೆಣ್ಣು ಹುಡುಕಬೇಡ. ಅವಳು ತೀರಿದಾಗ ಅವಳ ಹಸಿರು ಗದ್ವಾಲ ಸೀರೆ ನಿನ್ನ ಪೆಟ್ಟಿಗೆ ಸೇರಿತಲ್ಲ, ಬರುವಾಗ ಅದನ್ನು ತಾ. ನನ್ನ ಪಕ್ಕದ ಮಣೆಯ ಮೇಲೆ ಇಡುತ್ತೇನೆ. ಜೋಶಿ ಏಳು ಅಂದರೂ ಏಳುವವನಲ್ಲ.

ಧಾರೆಗೆ ನೀರು ಹೊಯ್ಯುವವಳು ಹೆಂಡತಿ. ಸೀರೆಗೆ ಕೈಯಿಲ್ಲ. ಅವಳ ಬದಲು ಗಿಂಡಿ ನೀನು ಹಿಡಿ.

ನಿನ್ನ ತಮ್ಮ,
ಮೊಗುಲಪ್ಪ